ತೊಂಬತ್ತೆಂಟು ಪಾಲಿನ ತಕರಾರು

ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಿಂದ ಉತ್ತರಕ್ಕೆ ಕೆಲವು ಗಂಟೆ ಪ್ರಯಾಣ ಮಾಡಿದರೆ ಮೇರಿ, ಬರ್ನೆಟ್ ಎಂಬ ಎರಡು ನದಿಗಳು ಸಿಗುತ್ತವೆ. ಅಲ್ಲಿ ವಾಸವಾಗಿರುವ ಒಂದು ಮೀನಿಗೆ ಕಿವಿರಿನ ಜೊತೆಗೆ ಶ್ವಾಸಕೋಶವೂ ಉಂಟು. ನೀರು ಕೆಟ್ಟರೆ ಮೇಲೆ ಬಂದು ಗಾಳಿ ಎಳೆದುಕೊಂಡು ಮತ್ತೆ ಮುಳುಗುತ್ತದೆ. 2021ರಲ್ಲಿ ಈ ಮೀನಿನ ಜೀನೋಮನ್ನು, ಅಂದರೆ ಒಂದು ಜೀವಕೋಶದಲ್ಲಿರುವ ಡಿಎನ್‌ಎಯ ಇಡೀ ಒಂದು ಪ್ರತಿಯನ್ನು, ಓದಿ ಮುಗಿಸಿದರು. ಅದರಲ್ಲಿ ಸುಮಾರು 4300 ಕೋಟಿ ಅಕ್ಷರಗಳಿದ್ದವು. ಮನುಷ್ಯನದು 300 ಕೋಟಿ. ಮೂರು ವರ್ಷಗಳ ನಂತರ ಅದರ ದಕ್ಷಿಣ ಅಮೆರಿಕದ ದಾಯಾದಿಯ ಸರದಿ ಬಂತು. ಅದರ ಅಕ್ಷರಗಳು 9100 ಕೋಟಿ, ಅಂದರೆ ನಮ್ಮ ಮೂವತ್ತು ಪಟ್ಟು. ಆದರೆ ಪ್ರೋಟೀನು ತಯಾರಿಸುವ ಜೀನುಗಳನ್ನು ಎಣಿಸಿದರೆ ಮೀನಿಗೂ ನಮಗೂ ಅಂಥ ಅಜಗಜಾಂತರ ಇಲ್ಲ.

ಹಾಗಾದರೆ ಉಳಿದ ಡಿಎನ್‌ಎ ಏನು ಮಾಡುತ್ತಿದೆ? ನಮ್ಮ ಕಥೆಯೂ ಇದೇ. ನಮ್ಮಲ್ಲಿ ಪ್ರೋಟೀನಿಗೆ ಸಂಕೇತ ಬರೆದಿಟ್ಟಿರುವ ಜೀನುಗಳು ಸುಮಾರು 20 ಸಾವಿರ. ಆ ಸಂಕೇತಗಳನ್ನೆಲ್ಲ ಕೂಡಿಸಿದರೂ ಜೀನೋಮಿನ ನೂರರಲ್ಲಿ ಎರಡು ಪಾಲು ತುಂಬುವುದಿಲ್ಲ. ಮಿಕ್ಕ ತೊಂಬತ್ತೆಂಟು ಪಾಲಿನ ಬಗ್ಗೆ ಅರ್ಧ ಶತಮಾನದಿಂದ ತಕರಾರು ನಡೆದಿದೆ. ಒಂದು ಕಡೆಯವರು ಅದನ್ನು ಜಂಕ್ ಎಂದರು. ಇನ್ನೊಂದು ಕಡೆಯವರು ನಮ್ಮ ಜಟಿಲತೆಯ ಗುಟ್ಟೇ ಅದರಲ್ಲಿದೆ ಎಂದರು. ಆಸ್ಟ್ರೇಲಿಯಾದ ವಿಜ್ಞಾನವೆಂದರೆ ಸಿಡ್ನಿ, ಮೆಲ್ಬರ್ನ್ ಎನ್ನುವ ರೂಢಿ ನಮ್ಮಲ್ಲಿದೆ. ಈ ವ್ಯಾಜ್ಯದ ಮಟ್ಟಿಗೆ ಮಾತ್ರ ಆ ದೇಶದ ಮುಖ್ಯ ಸಾಕ್ಷಿಗಳು ಬಂದದ್ದು ಬ್ರಿಸ್ಬೇನ್, ಅಡಿಲೇಡ್ ಮತ್ತು ಪರ್ತ್‌ಗಳಿಂದ.

ಈರುಳ್ಳಿ ಕೇಳುವ ಪ್ರಶ್ನೆ

ಜೀವಿ ಎಷ್ಟು ಜಟಿಲವೋ ಅಷ್ಟು ಡಿಎನ್‌ಎ ಇರಬೇಕೆಂದು ಮೊದಲು ಎಲ್ಲರೂ ನಂಬಿದ್ದರು. ಅಳೆದು ನೋಡಿದಾಗ ಲೆಕ್ಕ ತಾಳೆಯಾಗಲಿಲ್ಲ. ಚಿತ್ರದುರ್ಗ, ಗದಗದ ಹೊಲಗಳಲ್ಲಿ ಬೆಳೆಯುವ ಈರುಳ್ಳಿಯಲ್ಲಿ ನಮ್ಮ ಐದು ಪಟ್ಟು ಡಿಎನ್‌ಎ ಇದೆ. ಕೆನಡಾದ ರಯಾನ್ ಗ್ರೆಗರಿ 2007ರಲ್ಲಿ ಇದನ್ನೇ ಒಂದು ಪರೀಕ್ಷೆಯಾಗಿಸಿದರು. ಜಂಕ್ ಎನ್ನುವುದೇ ಇಲ್ಲ, ಎಲ್ಲಕ್ಕೂ ಕೆಲಸವಿದೆ ಎನ್ನುವವರು, ಈರುಳ್ಳಿಗೆ ನಮಗಿಂತ ಐದು ಪಟ್ಟು ಕೆಲಸ ಏಕೆ ಬೇಕಾಯಿತೆಂದು ಮೊದಲು ಹೇಳಲಿ ಎಂದು ಅವರ ಸವಾಲು. ನನಗೆ ತಿಳಿದಂತೆ ಇದಕ್ಕೆ ನೇರ ಉತ್ತರ ಕೊಟ್ಟವರಿಲ್ಲ. ತದ್ವಿರುದ್ಧ ಉದಾಹರಣೆಯೂ ಇದೆ. ನಮ್ಮ ಕರಾವಳಿಯ ಮುರಕಲ್ಲು ಬಯಲುಗಳಲ್ಲಿ ಮಳೆಗಾಲಕ್ಕೆ ಪುಟ್ಟ ಹೂ ಬಿಡುವ, ಕೀಟ ಹಿಡಿದು ತಿನ್ನುವ ಯುಟ್ರಿಕುಲೇರಿಯಾ ಗಿಡಗಳಿವೆಯಲ್ಲ, ಅದೇ ಕುಲದ ಒಂದು ಪ್ರಭೇದದ ಜೀನೋಮ್ 2013ರಲ್ಲಿ ಪ್ರಕಟವಾಯಿತು. ಕೇವಲ 8.2 ಕೋಟಿ ಅಕ್ಷರಗಳಲ್ಲಿ ಸುಮಾರು 28,500 ಜೀನುಗಳು ಒತ್ತೊತ್ತಾಗಿ ಕೂತಿದ್ದವು. ನಡುವೆ ಖಾಲಿ ಜಾಗವೇ ಇಲ್ಲವೆನ್ನಬಹುದು. ಬೇರು ಬಿಡದೆ, ಹೂ ಬಿಟ್ಟು, ಕೀಟ ಹಿಡಿಯುವ ಗಿಡವೊಂದು ಈ ತೊಂಬತ್ತೆಂಟು ಪಾಲಿನ ಹಂಗಿಲ್ಲದೆ ಬದುಕಿದೆ.

ಜಂಕ್ ಎಂಬ ಮಾತಿಗೆ ವಿಜ್ಞಾನದ ಬಲ ಕೊಟ್ಟವರು ಜಪಾನ್ ಮೂಲದ ಸುಸುಮು ಓನೊ. 1972ರ ಅವರ ವಾದ ಗಣಿತದ್ದು. ಪ್ರತಿ ಮಗುವೂ ತಂದೆತಾಯಿಯರಲ್ಲಿ ಇಲ್ಲದ ಕೆಲವು ಹೊಸ ಅಕ್ಷರದೋಷಗಳೊಂದಿಗೆ ಹುಟ್ಟುತ್ತದೆ (ಇವು ಸುಮಾರು ಎಪ್ಪತ್ತು ಎಂದು ಇಂದು ಗೊತ್ತಾಗಿದೆ). ಜೀನೋಮಿನ ಪ್ರತಿ ಅಕ್ಷರಕ್ಕೂ ಕೆಲಸವಿದ್ದಿದ್ದರೆ ತಲೆಮಾರಿನಿಂದ ತಲೆಮಾರಿಗೆ ದೋಷಗಳ ಹೊರೆ ಏರಿ ಮನುಷ್ಯ ಕುಲವೇ ಅಳಿಯಬೇಕಿತ್ತು. ಅಳಿದಿಲ್ಲ. ಆದ್ದರಿಂದ ಬಹುಪಾಲು ದೋಷಗಳು ಯಾರಿಗೂ ಬೇಡದ ಜಾಗದಲ್ಲಿ ಬೀಳುತ್ತಿವೆ. ಇದಕ್ಕೆ ನಾಲ್ಕು ವರ್ಷ ಮೊದಲೇ, 1968ರಲ್ಲಿ, ಮೊಟೊ ಕಿಮುರ ಎಂಬ ಇನ್ನೊಬ್ಬ ಜಪಾನಿ ವಿಜ್ಞಾನಿ ಹೆಚ್ಚಿನ ಆನುವಂಶಿಕ ಬದಲಾವಣೆಗಳು ಜೀವಿಗೆ ಒಳ್ಳೆಯದನ್ನೂ ಮಾಡುವುದಿಲ್ಲ, ಕೆಟ್ಟದ್ದನ್ನೂ ಮಾಡುವುದಿಲ್ಲ ಎಂದು ವಾದಿಸಿದ್ದರು. ಇಬ್ಬರ ವಾದ ಒಂದಕ್ಕೊಂದು ಆಸರೆಯಾಯಿತು.

1977ರಲ್ಲಿ ಇನ್ನೊಂದು ಆಶ್ಚರ್ಯ ಕಾದಿತ್ತು. ಜೀನುಗಳ ಒಳಗೇ ಪ್ರೋಟೀನಿಗೆ ಸಂಬಂಧವಿಲ್ಲದ ಉದ್ದುದ್ದ ತುಂಡುಗಳಿವೆ, ಜೀವಕೋಶ ಅವನ್ನು ಆರ್‌ಎನ್‌ಎ (ಡಿಎನ್‌ಎಯಿಂದ ತೆಗೆದ ನಕಲು) ಹಂತದಲ್ಲಿ ಕತ್ತರಿಸಿ ಬಿಸಾಡಿ, ಬೇಕಾದವನ್ನು ಮಾತ್ರ ಜೋಡಿಸಿಕೊಳ್ಳುತ್ತದೆ ಎಂದು ಗೊತ್ತಾಯಿತು. ಬಿಸಾಡುವ ತುಂಡಿಗೆ ಇಂಟ್ರಾನ್ ಎಂದೂ, ಉಳಿಯುವ ತುಂಡಿಗೆ ಎಕ್ಸಾನ್ ಎಂದೂ ಹೆಸರಾಯಿತು. 1980ರಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬಂದವು. ಒಂದರ ಲೇಖಕರಲ್ಲಿ ಫ್ರಾನ್ಸಿಸ್ ಕ್ರಿಕ್ ಇದ್ದರು, ಇನ್ನೊಂದರಲ್ಲಿ ಫೋರ್ಡ್ ಡೂಲಿಟ್ಲ್. ಡಿಎನ್‌ಎಯ ಬಹುಪಾಲು ತನ್ನ ಪ್ರತಿಗಳನ್ನು ತಾನೇ ಹೆಚ್ಚಿಸಿಕೊಳ್ಳುವ ಸ್ವಾರ್ಥಿ, ಅದು ನಮ್ಮೊಳಗೆ ಇರುವುದು ತನಗಾಗಿಯೇ ಎಂದು ಎರಡೂ ವಾದಿಸಿದವು.

ಬ್ರಿಸ್ಬೇನಿನ ಬಂಡಾಯ

ಈ ಒಮ್ಮತಕ್ಕೆ ದೊಡ್ಡ ದನಿಯಲ್ಲಿ ಎದುರು ಬಿದ್ದವರು ಜಾನ್ ಮ್ಯಾಟಿಕ್. 1988ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಬಂದು, 2000ದಲ್ಲಿ ಅಲ್ಲಿ ಅಣುಜೀವವಿಜ್ಞಾನದ ಸಂಸ್ಥೆಯೊಂದನ್ನು ಕಟ್ಟಿ, 2012ರವರೆಗೆ ಬ್ರಿಸ್ಬೇನಿನಲ್ಲೇ ಇದ್ದವರು. ಇಂಟ್ರಾನುಗಳನ್ನು ಕಸವೆಂದು ಕಡೆಗಣಿಸಿದ್ದು ಅಣುಜೀವವಿಜ್ಞಾನದ ಇತಿಹಾಸದಲ್ಲೇ ದೊಡ್ಡ ತಪ್ಪುಗಳಲ್ಲಿ ಒಂದು ಎನ್ನುವುದು ಅವರ ನಿಲುವು. ಬ್ಯಾಕ್ಟೀರಿಯಾದ ಜೀನೋಮ್ ಬಹುತೇಕ ಪ್ರೋಟೀನ್ ಸಂಕೇತವೇ. ಯೀಸ್ಟ್, ಹುಳ, ನೊಣ, ಇಲಿ, ಮನುಷ್ಯ ಎಂದು ಮೇಲೇರುತ್ತ ಹೋದಂತೆ ಪ್ರೋಟೀನಿಗೆ ಸಂಬಂಧಿಸದ ಭಾಗ ಹಿಗ್ಗುತ್ತದೆ. ಜೀನುಗಳ ಸಂಖ್ಯೆ ಹುಳಕ್ಕೂ ನಮಗೂ ಹೆಚ್ಚುಕಡಿಮೆ ಒಂದೇ ಆಗಿರುವಾಗ ವ್ಯತ್ಯಾಸ ಹುಟ್ಟುವುದು ಈ ಹಿಗ್ಗಿದ ಭಾಗದಿಂದಲೇ ಇರಬೇಕು. ಅಲ್ಲಿಂದ ಹೊರಡುವ ಆರ್‌ಎನ್‌ಎಗಳೇ ಯಾವ ಜೀನು ಯಾವಾಗ, ಎಲ್ಲಿ, ಎಷ್ಟು ಕೆಲಸ ಮಾಡಬೇಕೆಂದು ನಿರ್ಧರಿಸುವ ಆಡಳಿತಯಂತ್ರ ಎಂದು ಅವರು ವಾದಿಸಿದರು.

ಪುರಾವೆಗಳೂ ಬಂದವು. ಬ್ರಿಸ್ಬೇನಿನವರೂ ಪಾಲುಗೊಂಡಿದ್ದ, ಜಪಾನ್ ಮುಂದಾಳತ್ವದ ಒಂದು ಅಂತರರಾಷ್ಟ್ರೀಯ ಯೋಜನೆ ಇಲಿಯ ಜೀನೋಮಿನ ಅರ್ಧಕ್ಕೂ ಹೆಚ್ಚು ಭಾಗ ಆರ್‌ಎನ್‌ಎಯಾಗಿ ನಕಲಾಗುತ್ತದೆಂದು 2005ರಲ್ಲಿ ವರದಿ ಮಾಡಿತು. ಅದಕ್ಕೆ ಒಂದು ವರ್ಷ ಮುಂಚೆ ಕ್ಯಾಲಿಫೋರ್ನಿಯಾದ ಡೇವಿಡ್ ಹೌಸ್ಲರ್ ಮತ್ತು ಮ್ಯಾಟಿಕ್ ಗುಂಪುಗಳು ಸೇರಿ ಮನುಷ್ಯ, ಇಲಿ, ಹೆಗ್ಗಣಗಳಲ್ಲಿ ಒಂದಕ್ಷರವೂ ಬದಲಾಗದೆ ಉಳಿದ 481 ತುಂಡುಗಳನ್ನು ಪಟ್ಟಿ ಮಾಡಿದವು. ಪ್ರತಿಯೊಂದೂ 200 ಅಕ್ಷರಗಳಿಗಿಂತ ಉದ್ದ. ಬಹಳಷ್ಟು ಪ್ರೋಟೀನಿಗೆ ಸಂಬಂಧಿಸದವು. ಕೋಟ್ಯಂತರ ವರ್ಷ ಪ್ರಕೃತಿ ಇಷ್ಟು ಜೋಪಾನವಾಗಿ ಕಾಯ್ದುಕೊಂಡಿದೆ ಎಂದರೆ ಕೆಲಸ ಇರಲೇಬೇಕಲ್ಲ?

ಇರಲೇಬೇಕೆಂದೇ ಎಲ್ಲರಿಗೂ ಅನಿಸಿತ್ತು. 2007ರಲ್ಲಿ ಇಂಥ ನಾಲ್ಕು ತುಂಡುಗಳನ್ನು ಒಂದೊಂದಾಗಿ ಕಿತ್ತುಹಾಕಿದ ಇಲಿಗಳನ್ನು ಬೆಳೆಸಿ ನೋಡಿದರು. ಇಲಿಗಳು ಚೆನ್ನಾಗಿಯೇ ಇದ್ದವು, ಮರಿಯನ್ನೂ ಹಾಕಿದವು. ಜಂಕ್ ಪಕ್ಷದವರು ಬೀಗಿದರು. 2018ರಲ್ಲಿ ಅದೇ ಬಗೆಯ ಪ್ರಯೋಗವನ್ನು ಇನ್ನಷ್ಟು ಸೂಕ್ಷ್ಮವಾಗಿ ಮಾಡಿದಾಗ ಕೆಲವು ಇಲಿಗಳ ಮಿದುಳಿನ ರಚನೆಯಲ್ಲಿ ಕೊರತೆ ಕಂಡಿತು. ಪ್ರಯೋಗಾಲಯದ ಪಂಜರದಲ್ಲಿ ಹೊಟ್ಟೆತುಂಬ ತಿಂದು ಬದುಕುವ ಇಲಿಗೆ ತೊಂದರೆಯಿಲ್ಲ ಎಂದ ಮಾತ್ರಕ್ಕೆ ಕಾಡಿನ ಇಲಿಗೂ ಇಲ್ಲ ಎನ್ನಲಾಗದು. ಈ ಪಾಠ ಕಲಿಯಲು ಹನ್ನೊಂದು ವರ್ಷ ಹಿಡಿಯಿತು.

ಮ್ಯಾಟಿಕ್ ಪಕ್ಷ ಅರ್ಧ ಗೆದ್ದಿದೆ ಎಂದು ನನ್ನ ತೀರ್ಮಾನ. ಪ್ರೋಟೀನು ತಯಾರಿಸದ ಆರ್‌ಎನ್‌ಎ ಎಂದರೆ ಮೂಗು ಮುರಿಯುತ್ತಿದ್ದ ಕಾಲ ಹೋಯಿತು. ಹುಳದಲ್ಲಿ ಮೈಕ್ರೋ ಆರ್‌ಎನ್‌ಎ ಎಂಬ, ಪ್ರೋಟೀನು ತಯಾರಿಸದ ಪುಟ್ಟ ತುಂಡುಗಳನ್ನು ಪತ್ತೆ ಮಾಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಭಾರತದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸುಭಾಷ್ ಲಖೋಟಿಯಾ ಹಣ್ಣುನೊಣದ ಇಂಥದೇ ಒಂದು ಜೀನನ್ನು, ಶಾಖ ತಾಗಿದಾಗ ಚುರುಕಾಗಿ ಆರ್‌ಎನ್‌ಎ ಮಾತ್ರ ಹೊರಡಿಸುವ ಜೀನನ್ನು, ದಶಕಗಳ ಕಾಲ ಬೆನ್ನು ಬಿಡದೆ ಅಭ್ಯಾಸ ಮಾಡಿದರು. ಆಗ ಅದಕ್ಕೆ ಅಂಥ ಮನ್ನಣೆ ಸಿಗಲಿಲ್ಲ. ಹಾಗೆಂದು ಕೆಲವಕ್ಕೆ ಕೆಲಸವಿದೆ ಎನ್ನುವುದರಿಂದ ಎಲ್ಲಕ್ಕೂ ಕೆಲಸವಿದೆ ಎನ್ನುವುದಕ್ಕೆ ನೆಗೆಯಲಾಗದು. ಹುಳದಿಂದ ಮನುಷ್ಯನವರೆಗೆ ಮೇಲೇರುವ ಆ ಸಾಲಿನಲ್ಲಿ ಈರುಳ್ಳಿಯನ್ನೂ ಬರ್ನೆಟ್ ನದಿಯ ಮೀನನ್ನೂ ಸೇರಿಸಿ ನೋಡಿ, ಸಾಲು ಕೆಡುತ್ತದೆ.

ಎಂಬತ್ತೋ, ಎಂಟೋ?

2012ರ ಸೆಪ್ಟೆಂಬರಿನಲ್ಲಿ ಎನ್‌ಕೋಡ್ ಎಂಬ ಬೃಹತ್ ಯೋಜನೆ ನಾನೂರಕ್ಕೂ ಹೆಚ್ಚು ವಿಜ್ಞಾನಿಗಳ ಹೆಸರಿನಲ್ಲಿ 30 ಪ್ರಬಂಧಗಳನ್ನು ಒಟ್ಟಿಗೇ ಹೊರತಂದಿತು. ಮನುಷ್ಯ ಜೀನೋಮಿನ ನೂರಕ್ಕೆ ಎಂಬತ್ತು ಭಾಗ ಒಂದಲ್ಲ ಒಂದು ಜೀವರಾಸಾಯನಿಕ ಕೆಲಸದಲ್ಲಿ ತೊಡಗಿದೆ ಎಂಬುದು ಅದರ ತಲೆಬರಹ. ಜಂಕ್ ಡಿಎನ್‌ಎ ಸತ್ತಿತು ಎಂದು ಜಗತ್ತಿನ ಪತ್ರಿಕೆಗಳು ಬರೆದವು.

ಉತ್ತರ ಖಾರವಾಗಿಯೇ ಬಂತು. ಹ್ಯೂಸ್ಟನ್ನಿನ ಡ್ಯಾನ್ ಗ್ರೌರ್ ಮತ್ತು ಸಂಗಡಿಗರು 2013ರಲ್ಲಿ ಬರೆದ ಪ್ರಬಂಧದಷ್ಟು ಕಟುವಾದ ಬರಹ ವಿಜ್ಞಾನ ಪತ್ರಿಕೆಗಳಲ್ಲಿ ಅಪರೂಪ. ಹೃದಯದ ಕೆಲಸ ರಕ್ತ ಒತ್ತುವುದು. ಅದು ಲಬ್-ಡಬ್ ಎಂದು ಸದ್ದೂ ಮಾಡುತ್ತದೆ, ಎದೆಗೆ ಒಂದಿಷ್ಟು ತೂಕವನ್ನೂ ಸೇರಿಸುತ್ತದೆ. ಸದ್ದು ಮಾಡುವುದು ಹೃದಯದ ಕೆಲಸ ಎಂದು ಯಾರೂ ಅನ್ನುವುದಿಲ್ಲ. ಡಿಎನ್‌ಎ ತುಂಡಿಗೆ ಯಾವುದೋ ಪ್ರೋಟೀನು ಅಂಟಿಕೊಂಡರೆ, ಅದರಿಂದ ನಾಲ್ಕು ಆರ್‌ಎನ್‌ಎ ಪ್ರತಿ ಹೊರಬಿದ್ದರೆ ಅದೂ ಸದ್ದೇ ಇರಬಹುದು ಎಂಬುದು ಅವರ ಆಕ್ಷೇಪ. ನಿಸರ್ಗದ ಆಯ್ಕೆ ಯಾವುದನ್ನು ಕಾಪಾಡಿಕೊಂಡು ಬಂದಿದೆಯೋ ಅದು ಮಾತ್ರ ಕೆಲಸ ಎಂದು ಈ ಪಕ್ಷದ ಪಟ್ಟು.

ಇಬ್ಬರೂ ಕೆಲಸ ಎಂದಾಗ ಬೇರೆ ಬೇರೆ ಸಂಗತಿಯನ್ನು ಅಳೆಯುತ್ತಿದ್ದರು. ಎನ್‌ಕೋಡ್ ಅಳೆದದ್ದು ಈ ಹೊತ್ತು ಏನಾಗುತ್ತಿದೆ ಎನ್ನುವುದನ್ನು, ಗ್ರೌರ್ ಅಳೆದದ್ದು ಅದು ತಪ್ಪಿದರೆ ಸಂತತಿಗೆ ಪೆಟ್ಟು ಬೀಳುತ್ತದೆಯೇ ಎನ್ನುವುದನ್ನು. ಎರಡನೆಯ ಅಳತೆಗೋಲಿನಿಂದ ಸಿಗುವ ಸಂಖ್ಯೆ ತೀರ ಚಿಕ್ಕದು. 2014ರಲ್ಲಿ ಆಕ್ಸ್‌ಫರ್ಡಿನ ಗುಂಪು ನೂರಕ್ಕೆ 8.2 ಎಂದಿತು. 2023ರಲ್ಲಿ 240 ಸಸ್ತನಿಗಳ ಜೀನೋಮುಗಳನ್ನು ಎದುರುಬದುರು ಇಟ್ಟು ನೋಡಿದವರು ಕನಿಷ್ಠ 10.7 ಎಂದರು. ಗ್ರೌರ್ 2017ರಲ್ಲಿ ಓನೊ ಅವರ ಲೆಕ್ಕವನ್ನೇ ಮುಂದುವರಿಸಿ 25ರ ಮೇಲೆ ಹೋಗಲು ಸಾಧ್ಯವೇ ಇಲ್ಲವೆಂದರು. 80 ನಿಜವಾಗಿದ್ದರೆ ಪ್ರತಿ ದಂಪತಿಗೆ ಸರಾಸರಿ ಹದಿನೈದು ಮಕ್ಕಳು ಹುಟ್ಟಿ, ಇಬ್ಬರ ಹೊರತು ಉಳಿದವರು ಸಾಯಬೇಕು ಅಥವಾ ಸಂತಾನವಿಲ್ಲದೆ ಹೋಗಬೇಕು ಎಂದು ಅವರ ಲೆಕ್ಕ.

ಇದೇ ವಿಷಯದಲ್ಲಿ ಸೇಂಟ್ ಲೂಯಿಸ್‌ನ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಕಲಸಿ, ಯಾವ ಜೀವಿಯಲ್ಲೂ ಇಲ್ಲದ, ಅರ್ಥವಿಲ್ಲದ ಡಿಎನ್‌ಎ ತುಂಡುಗಳನ್ನು ತಯಾರಿಸಿ ಇಲಿಯ ಅಕ್ಷಿಪಟಲದ ಜೀವಕೋಶಗಳಿಗೆ ಹಾಕಿದರು. ಅವುಗಳಲ್ಲೂ ಹಲವು ಪಕ್ಕದ ಜೀನಿನ ಕೆಲಸವನ್ನು ಹೆಚ್ಚಿಸಿದವು, ತಗ್ಗಿಸಿದವು. ಅಂದರೆ ಚಟುವಟಿಕೆ ಕಂಡಿತೆಂದು ಉದ್ದೇಶ ಇದೆಯೆನ್ನಲಾಗದು. 2014ರಲ್ಲಿ ಎನ್‌ಕೋಡ್ ಮುಂದಾಳುಗಳೂ ಎಂಬತ್ತರ ಮಾತನ್ನು ಸಾಕಷ್ಟು ಮೆತ್ತಗೆ ಮಾಡಿಕೊಂಡರು. ಪತ್ರಿಕೆಗಳಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಈ ಎರಡು ಪಕ್ಷಗಳ ನಡುವೆ ಹೆಚ್ಚು ಸದ್ದು ಮಾಡದ ಎರಡು ವಿಚಾರಧಾರೆಗಳಿವೆ. ಥಾಮಸ್ ಕ್ಯಾವಲಿಯರ್-ಸ್ಮಿತ್ ಅವರ ಪ್ರಕಾರ ಏನು ಬರೆದಿದೆ ಎನ್ನುವುದು ಮುಖ್ಯವಲ್ಲ, ಡಿಎನ್‌ಎಯ ಗಾತ್ರವೇ ಮುಖ್ಯ. ಹೆಚ್ಚು ಡಿಎನ್‌ಎ ಇದ್ದರೆ ಕೋಶಕೇಂದ್ರ ದೊಡ್ಡದಾಗುತ್ತದೆ, ಜೀವಕೋಶವೂ ದೊಡ್ಡದಾಗುತ್ತದೆ. ಮೈಕೆಲ್ ಲಿಂಚ್ ಅವರದು ಇನ್ನೊಂದು ದಾರಿ. ಕೋಟಿಗಟ್ಟಲೆ ಸಂಖ್ಯೆಯಲ್ಲಿರುವ ಬ್ಯಾಕ್ಟೀರಿಯಾದಲ್ಲಿ ನಿಸರ್ಗದ ಆಯ್ಕೆ ಸಣ್ಣ ಹೊರೆಯನ್ನೂ ಕಿತ್ತೊಗೆಯುತ್ತದೆ. ಸಂಖ್ಯೆ ಕಡಿಮೆ ಇರುವ ದೊಡ್ಡ ಪ್ರಾಣಿಗಳಲ್ಲಿ ಆ ಕತ್ತರಿ ಮೊಂಡು. ಹಾಗಾಗಿ ಕಸ ಉಳಿದುಕೊಳ್ಳುತ್ತದೆ, ಕಾಲಾಂತರದಲ್ಲಿ ಅದರಲ್ಲಿ ಕೆಲವು ತುಂಡು ಉಪಯೋಗಕ್ಕೂ ಬರುತ್ತವೆ. ಅಂಕಿಅಂಶಗಳೆಲ್ಲಕ್ಕೂ ಒಗ್ಗುವ ವಿವರಣೆ ಎಂದರೆ ನನ್ನ ಮಟ್ಟಿಗೆ ಲಿಂಚ್ ಅವರದೇ.

ಅಡಿಲೇಡ್: ಕೆಲಸವಿಲ್ಲದ್ದೂ ಕೆಡಿಸಬಲ್ಲದು

ಗ್ರಾಂಟ್ ಸದರ್ಲೆಂಡ್ 1975ರಲ್ಲಿ ಮೆಲ್ಬರ್ನಿನಿಂದ ಅಡಿಲೇಡಿನ ಮಕ್ಕಳ ಆಸ್ಪತ್ರೆಗೆ ಬಂದರು. ಬುದ್ಧಿ ಬೆಳವಣಿಗೆ ಕುಂಠಿತವಾದ ಕೆಲವು ಗಂಡುಮಕ್ಕಳ ರಕ್ತದ ಬಿಳಿಕಣಗಳನ್ನು ಬೆಳೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಕ್ಸ್ ಕ್ರೋಮೋಸೋಮಿನ ತುದಿ ಎಳೆಯೊಂದರಲ್ಲಿ ತೂಗಾಡುವಂತೆ ಕಾಣುತ್ತಿತ್ತು. ಮೆಲ್ಬರ್ನಿನಲ್ಲಿ ಚೆನ್ನಾಗಿ ಕಾಣುತ್ತಿದ್ದದ್ದು ಅಡಿಲೇಡಿನಲ್ಲಿ ಮಾಯ. ರಕ್ತ ಅದೇ ಬಗೆಯದು, ವಿಧಾನ ಅದೇ. ಹುಡುಕಿ ಹುಡುಕಿ ಕೊನೆಗೆ ಕಂಡದ್ದು ಕೋಶ ಬೆಳೆಸುವ ದ್ರವದಲ್ಲಿನ ವ್ಯತ್ಯಾಸ. ಹೊಸ ಪ್ರಯೋಗಾಲಯದ ದ್ರವ ಹೆಚ್ಚು ಪೌಷ್ಟಿಕ. ಹಳೆಯದರಲ್ಲಿ ಫೋಲಿಕ್ ಆಮ್ಲ ಕಡಿಮೆ. ಫೋಲಿಕ್ ಆಮ್ಲದ ಕೊರತೆಯಾದಾಗ ಮಾತ್ರ ಆ ಜಾಗ ಸಡಿಲವಾಗಿ ಕಾಣುತ್ತದೆ. 1977ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದು ಪ್ರಕಟವಾದ ಮೇಲೆ ಫ್ರಜೈಲ್ ಎಕ್ಸ್ ಎಂದು ಹೆಸರಾದ ಈ ಕಾಯಿಲೆಯ ಪರೀಕ್ಷೆ ಜಗತ್ತಿನಾದ್ಯಂತ ಸಾಧ್ಯವಾಯಿತು.

ಆ ಜಾಗದಲ್ಲಿ ಇರುವುದೇನು ಎಂದು 1991ರಲ್ಲಿ ತಿಳಿಯಿತು. ಸದರ್ಲೆಂಡ್ ಮತ್ತು ರಾಬರ್ಟ್ ರಿಚರ್ಡ್ಸ್ ಅವರ ಅಡಿಲೇಡ್ ಗುಂಪು, ಜೊತೆಗೆ ಯುರೋಪ್, ಅಮೆರಿಕದ ಗುಂಪುಗಳು ಅದೇ ವರ್ಷ ಅದನ್ನು ಬಿಡಿಸಿದವು. ಸಿ, ಜಿ, ಜಿ ಎಂಬ ಮೂರು ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ, ಅಷ್ಟೆ. ಹೆಚ್ಚಿನವರಲ್ಲಿ ಮೂವತ್ತರ ಆಸುಪಾಸು ಸಲ. 55ರಿಂದ 200ರವರೆಗೆ ಇದ್ದರೆ ವಾಹಕರು. 200 ದಾಟಿದರೆ ಆ ಜೀನು ಬಾಯಿ ಮುಚ್ಚಿಕೊಳ್ಳುತ್ತದೆ, ಮಿದುಳಿಗೆ ಬೇಕಾದ ಒಂದು ಪ್ರೋಟೀನು ತಯಾರಾಗುವುದೇ ಇಲ್ಲ. ಈ ಪುನರಾವರ್ತನೆ ಇರುವುದು ಜೀನಿನ ಪ್ರೋಟೀನ್ ಸಂಕೇತದ ಒಳಗಲ್ಲ, ಅದಕ್ಕೂ ಮುಂಚಿನ ಭಾಗದಲ್ಲಿ. ಅಡಿಲೇಡಿನವರು ಇದನ್ನು ಚಲಿಸುವ ದೋಷ ಎಂದು ಕರೆದರು. ತಲೆಮಾರಿನಿಂದ ತಲೆಮಾರಿಗೆ ಅದರ ಉದ್ದ ಬದಲಾಗುತ್ತದೆ.

ಒಂದು ಮನೆಯೊಳಗೆ ಇದು ಹೇಗೆ ನಡೆಯುತ್ತದೆ ನೋಡಿ. ಅಜ್ಜನಿಗೆ ಅರವತ್ತರ ನಂತರ ಕೈ ನಡುಕ, ನಡಿಗೆಯಲ್ಲಿ ತೂರಾಟ. ವಯಸ್ಸಾಯಿತೆಂದು ಎಲ್ಲರೂ ಸುಮ್ಮನಾಗುತ್ತಾರೆ. ಮಗಳಿಗೆ ನಲವತ್ತಕ್ಕೆ ಮೊದಲೇ ಮುಟ್ಟು ನಿಲ್ಲುತ್ತದೆ. ಅವಳ ಮಗನ ಮಾತು ತಡ, ಕಲಿಕೆ ನಿಧಾನ, ಅವನು ಕಣ್ಣು ಕೊಟ್ಟು ನೋಡುವುದಿಲ್ಲ. ಮೂರು ಬೇರೆ ಬೇರೆ ಕಾಯಿಲೆ ಎಂದು ಮೂವರು ಬೇರೆ ಬೇರೆ ವೈದ್ಯರ ಬಳಿ ಹೋಗುತ್ತಾರೆ. ಮೂರಕ್ಕೂ ಮೂಲ ಒಂದೇ ಜಾಗದ ಮೂರು ಅಕ್ಷರಗಳು. ವಾಹಕನಾದ ಅಜ್ಜನಿಂದ ಎಲ್ಲ ಹೆಣ್ಣುಮಕ್ಕಳಿಗೂ ಅದು ಹೆಚ್ಚುಕಡಿಮೆ ಇದ್ದ ಉದ್ದದಲ್ಲೇ ಇಳಿಯುತ್ತದೆ. ಹಿಗ್ಗಿ 200 ದಾಟುವುದು ತಾಯಿಯಿಂದ ಮಗುವಿಗೆ ಇಳಿಯುವಾಗ.

ಜಂಕ್ ವಿರೋಧಿಗಳು ಇದನ್ನು ತಮ್ಮ ಪರ ಸಾಕ್ಷಿಯೆಂದು ತೋರಿಸುತ್ತಾರೆ: ಕೆಟ್ಟರೆ ರೋಗ ಬರುತ್ತದಾದರೆ ಕೆಲಸ ಇರಲೇಬೇಕು ಎಂದು. ವಾದ ಅಷ್ಟು ಸರಳವಲ್ಲ. ಆ ಪುನರಾವರ್ತನೆ ಮಾಡುವ ಹಾನಿ ಖಚಿತ. ಮೂವತ್ತು ಸಲ ಇದ್ದಾಗ ಅದರಿಂದ ಉಪಕಾರವೇನು ಎಂಬುದು ಖಚಿತವಾಗಿಲ್ಲ. ಉಪಕಾರ ಮಾಡದ ವಸ್ತುವೂ ಅಪಕಾರ ಮಾಡಬಲ್ಲದು. ಅಡಿಲೇಡಿನ ಮಾರ್ಕ್ ಕಾರ್ಬೆಟ್, ಜೋಸೆಫ್ ಗೆಚ್ ಮತ್ತಿತರರು 2019ರಲ್ಲಿ ಒಂದು ಬಗೆಯ ವಂಶಪಾರಂಪರ್ಯ ಅಪಸ್ಮಾರಕ್ಕೆ ಇಂಟ್ರಾನಿನೊಳಗೆ ಹಿಗ್ಗಿದ ಐದಕ್ಷರದ ಪುನರಾವರ್ತನೆ ಕಾರಣವೆಂದು ತೋರಿಸಿದರು. ಅಲ್ಲಿಯೂ ಇದೇ ಮಾತು.

ಅಡಿಲೇಡಿನ ಇನ್ನೆರಡು ಸಾಕ್ಷ್ಯಗಳನ್ನು ಬೇಗ ಹೇಳಿಬಿಡುತ್ತೇನೆ. ಕೊಡಗಿನವರು ಬೆಣ್ಣೆಹಣ್ಣು ಎನ್ನುವ ಅವೊಕಾಡೊಗೆ ತಗಲುವ ರೋಗವೊಂದರ ಕಾರಣ 247 ಅಕ್ಷರಗಳ ಒಂದು ಆರ್‌ಎನ್‌ಎ ಉಂಗುರ. ಅದು ಒಂದೇ ಒಂದು ಪ್ರೋಟೀನಿಗೂ ಸಂಕೇತ ಹೊತ್ತಿಲ್ಲ. ಯಾವ ಕಿಣ್ವದ ನೆರವೂ ಇಲ್ಲದೆ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ ಎಂದು ಅಡಿಲೇಡ್ ವಿಶ್ವವಿದ್ಯಾಲಯದ ರಾಬರ್ಟ್ ಸೈಮನ್ಸ್ ಗುಂಪು 1986ರಲ್ಲಿ ತೋರಿಸಿತು. ಪ್ರೋಟೀನಿಲ್ಲದೆಯೂ ಆರ್‌ಎನ್‌ಎ ಕೆಲಸ ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಪುಟ್ಟ ಪುರಾವೆ ಸಿಗಲಾರದು. ಎರಡನೆಯದು ಎದುರು ಪಕ್ಷದ್ದು. ಹಸುವಿನ ಜೀನೋಮಿನಲ್ಲಿ ದೊಡ್ಡ ಪಾಲು ಪಡೆದಿರುವ, ಸುಮಾರು 3200 ಅಕ್ಷರ ಉದ್ದದ ಬೊವ್-ಬಿ ಎಂಬ ತುಂಡು ಹಾವು, ಹಲ್ಲಿಗಳ ಗುಂಪಿನಲ್ಲೂ ಇದೆ. ಇದು ವಂಶದಲ್ಲಿ ಇಳಿದು ಬಂದದ್ದಲ್ಲ, ಪ್ರಾಣಿಯಿಂದ ಪ್ರಾಣಿಗೆ ಹಾರಿದ್ದು. ಇಂಥ ಹಾರಾಟ ಕನಿಷ್ಠ ಒಂಬತ್ತು ಸಲ ನಡೆದಿದೆ. ಹೊತ್ತು ತಂದದ್ದು ಉಣ್ಣೆಗಳಿರಬಹುದು ಎಂದು ಡೇವಿಡ್ ಆಡೆಲ್ಸನ್ ತಂಡ 2013ರಲ್ಲಿ ವಾದಿಸಿತು. ಕೊಟ್ಟಿಗೆಯ ಹಸುವಿನ ಡಿಎನ್‌ಎಯಲ್ಲಿ ಸರೀಸೃಪದ ಗುರುತು ಉಣ್ಣೆಯ ಮೂಲಕ ಬಂದು ಸಾವಿರಾರು ಪ್ರತಿಗಳಾಗಿ ಬೆಳೆದಿದ್ದರೆ, ಆ ಪ್ರತಿಗಳೆಲ್ಲ ಹಸುವಿನ ಹಿತಕ್ಕಾಗಿಯೇ ಇವೆ ಎನ್ನುವುದು ಕಷ್ಟ.

ಪರ್ತ್: ಕೋಶಕೇಂದ್ರದ ಚುಕ್ಕೆಗಳು

ಆರ್ಚಾ ಫಾಕ್ಸ್ ಸ್ಕಾಟ್ಲೆಂಡಿನ ಡಂಡಿಯಲ್ಲಿದ್ದಾಗ, 2002ರಲ್ಲಿ, ಜೀವಕೋಶದ ಕೇಂದ್ರದೊಳಗೆ ಯಾರೂ ಗುರುತಿಸದ ಸಣ್ಣ ಚುಕ್ಕೆಗಳನ್ನು ಕಂಡರು. ಪ್ಯಾರಾಸ್ಪೆಕಲ್ ಎಂದು ಹೆಸರಿಟ್ಟರು. ಬಳಿಕ ಪರ್ತ್‌ಗೆ ಬಂದು ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಅದೇ ಕೆಲಸ ಮುಂದುವರಿಸಿದರು. ಆ ಚುಕ್ಕೆಗಳಿಗೆ ಬೆನ್ನೆಲುಬು ಯಾವುದೆಂದು 2009ರಲ್ಲಿ ಹಲವು ಗುಂಪುಗಳು ಪತ್ತೆಹಚ್ಚಿದವು. ಅವುಗಳಲ್ಲೊಂದರಲ್ಲಿ ಬ್ರಿಸ್ಬೇನಿನ ಮ್ಯಾಟಿಕ್ ತಂಡವೂ ಇತ್ತು. ಆ ಬೆನ್ನೆಲುಬು ನೀಟ್-1 ಎಂಬ, ಸುಮಾರು 23 ಸಾವಿರ ಅಕ್ಷರ ಉದ್ದದ, ಯಾವ ಪ್ರೋಟೀನೂ ತಯಾರಿಸದ ಆರ್‌ಎನ್‌ಎ. ಅದನ್ನು ತೆಗೆದರೆ ಚುಕ್ಕೆ ಕರಗುತ್ತದೆ. ಅದರ ಸುತ್ತ ಹತ್ತಾರು ಬಗೆಯ ಪ್ರೋಟೀನುಗಳು ಬಂದು ಸೇರುತ್ತವೆ, ಜೀವಕೋಶಕ್ಕೆ ಸಂಕಟ ಬಂದಾಗ ಚುಕ್ಕೆಗಳು ಹಿಗ್ಗುತ್ತವೆ.

ನೀಟ್-1 ಈ ಇಡೀ ವ್ಯಾಜ್ಯವನ್ನು ಅಂಗೈಯಲ್ಲಿ ತೋರಿಸುತ್ತದೆ. ಇಲಿಗೂ ಮನುಷ್ಯನಿಗೂ ಅದರ ಅಕ್ಷರಗಳು ಬಹಳ ಬೇರೆಯಾಗಿವೆ. ಅಕ್ಷರ ಉಳಿದಿದೆಯೇ ಎಂದು ಮಾತ್ರ ನೋಡುವ ಗ್ರೌರ್ ಪಕ್ಷದ ಅಳತೆಗೋಲಿಗೆ ಅದರ ಬಹುಭಾಗ ಸಿಕ್ಕುವುದಿಲ್ಲ. ಆದರೆ ಎರಡೂ ಕಡೆ ಅದೇ ಬಗೆಯ ಚುಕ್ಕೆ ಕಟ್ಟುತ್ತದೆ. ಅಂದರೆ ಅಕ್ಷರಕ್ಕಿಂತ ಉದ್ದ ಮತ್ತು ಮಡಿಕೆಗಳು ಮುಖ್ಯವಾಗುವ ಕೆಲಸಗಳೂ ಇವೆ. ಇತ್ತ, ನೀಟ್-1 ಇಲ್ಲದ ಇಲಿಗಳು ಹುಟ್ಟಿ ಬೆಳೆಯುತ್ತವೆ. ಹೆಣ್ಣಿಲಿಗಳಲ್ಲಿ ಹಲವು ಗರ್ಭ ನಿಲ್ಲಿಸಿಕೊಳ್ಳಲಾರವು ಎಂದು ಜಪಾನಿನವರು 2014ರಲ್ಲಿ ಕಂಡರು. ಎಲ್ಲ ಹೆಣ್ಣಿಲಿಗಳಲ್ಲೂ ಅಲ್ಲ. ಅನಿವಾರ್ಯವೂ ಅಲ್ಲದ, ನಿರುಪಯೋಗಿಯೂ ಅಲ್ಲದ ಇಂಥದ್ದನ್ನು ಯಾವ ಖಾತೆಗೆ ಬರೆಯುವುದು?

ಪರ್ತ್‌ನ ಇನ್ನೊಂದು ಕೆಲಸ ಆಸ್ಪತ್ರೆಗೆ ತಲುಪಿದೆ. ಸುಮಾರು ಐದು ಸಾವಿರ ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುವ ಡುಶೆನ್ ಸ್ನಾಯುಕ್ಷಯದ ಜೀನು ಮನುಷ್ಯನ ಅತಿ ದೊಡ್ಡ ಜೀನುಗಳಲ್ಲೊಂದು. 20 ಲಕ್ಷಕ್ಕೂ ಹೆಚ್ಚು ಅಕ್ಷರಗಳು, 79 ಎಕ್ಸಾನುಗಳು. ಇಂಟ್ರಾನುಗಳನ್ನೆಲ್ಲ ಕತ್ತರಿಸಿದ ಮೇಲೆ ಉಳಿಯುವುದು ಸುಮಾರು 14 ಸಾವಿರ ಅಕ್ಷರ. ಅಷ್ಟು ಕತ್ತರಿಸುವ ಜಾಗದಲ್ಲಿ ಕೈಯಾಡಿಸಲು ಅವಕಾಶವಿದೆ ಎಂದು ಸ್ಟೀವ್ ವಿಲ್ಟನ್ ಮತ್ತು ಸೂ ಫ್ಲೆಚರ್ ಕಂಡುಕೊಂಡರು. 30 ಅಕ್ಷರಗಳ ಒಂದು ಕೃತಕ ತುಂಡು 51ನೇ ಎಕ್ಸಾನಿಗೆ ಅಂಟಿಕೊಂಡು ಅದನ್ನು ಮರೆಮಾಡುತ್ತದೆ. ಜೀವಕೋಶ ಅದನ್ನೂ ಇಂಟ್ರಾನಿನ ಜೊತೆಗೇ ಹಾರಿಸಿ ಉಳಿದುದನ್ನು ಜೋಡಿಸಿಕೊಳ್ಳುತ್ತದೆ. ಸ್ವಲ್ಪ ಗಿಡ್ಡವಾದರೂ ಕೆಲಸಕ್ಕೆ ಬರುವ ಪ್ರೋಟೀನು ಸಿಗುತ್ತದೆ. ಎಟೆಪ್ಲಿರ್ಸೆನ್ ಎಂಬ ಈ ಔಷಧಕ್ಕೆ ಅಮೆರಿಕ 2016ರಲ್ಲಿ ಷರತ್ತಿನ ಒಪ್ಪಿಗೆ ಕೊಟ್ಟಿತು. ಹುಟ್ಟುವ ಪ್ರೋಟೀನಿನ ಪ್ರಮಾಣ ತೀರ ಕಡಿಮೆ ಎಂದು ಅಲ್ಲಿನ ತಜ್ಞರಲ್ಲೇ ಜಗಳವಾಗಿತ್ತು. ಯುರೋಪ್ 2018ರಲ್ಲಿ ನಿರಾಕರಿಸಿತು. ಎಲ್ಲ ಡುಶೆನ್ ಮಕ್ಕಳಿಗೂ ಇದು ಒಗ್ಗುವುದಿಲ್ಲ, ನೂರಕ್ಕೆ ಸುಮಾರು ಹದಿಮೂರು ಮಕ್ಕಳಿಗೆ ಮಾತ್ರ. ಬೆಲೆಯಂತೂ ನಮ್ಮ ಮಧ್ಯಮವರ್ಗದ ಕನಸಿಗೂ ನಿಲುಕದು. ಬೆಂಗಳೂರಿನಲ್ಲಿ ಇಂಥ ಮಕ್ಕಳ ತಂದೆತಾಯಿಯರೇ ಕಟ್ಟಿದ ಡಿಸ್ಟ್ರೋಫಿ ಅನೈಹಿಲೇಶನ್ ರಿಸರ್ಚ್ ಟ್ರಸ್ಟ್ ಇದೇ ತಂತ್ರದ ಮೇಲೆ ಇಲ್ಲೇ ಸಂಶೋಧನೆ ನಡೆಸುತ್ತಿರುವುದು ಅದಕ್ಕಾಗಿಯೇ.

ಮಿದುಳಿನಲ್ಲಿ ಹಾರಾಟ

ಬ್ರಿಸ್ಬೇನಿಗೆ ಮತ್ತೊಮ್ಮೆ ಹೋಗಬೇಕಾಗಿದೆ. ನಮ್ಮ ಜೀನೋಮಿನ ಸುಮಾರು ನೂರಕ್ಕೆ ಹದಿನೇಳು ಭಾಗ ಎಲ್-1 ಎಂಬ ಒಂದೇ ಬಗೆಯ ಹಾರುವ ಜೀನಿನ (ತನ್ನ ಪ್ರತಿಯನ್ನು ಹೊಸ ಜಾಗದಲ್ಲಿ ಕೂರಿಸಬಲ್ಲ ತುಂಡಿನ) ಪ್ರತಿಗಳು. ಲಕ್ಷಾಂತರ ಪ್ರತಿಗಳಲ್ಲಿ ನೂರರಷ್ಟಕ್ಕೆ ಮಾತ್ರ ಇಂದಿಗೂ ಹಾರುವ ಶಕ್ತಿ ಉಳಿದಿದೆ. ನಾವು ಬದುಕಿರುವಾಗಲೇ ಅವು ನಮ್ಮ ಮಿದುಳಿನ ಕೋಶಗಳಲ್ಲಿ ಹೊಸ ಜಾಗಕ್ಕೆ ಹಾರಿ ಕೂರುತ್ತವೆಯೇ? ಹೌದು, ನೆನಪಿಗೆ ಸಂಬಂಧಿಸಿದ ಭಾಗದ ಪ್ರತಿ ನರಕೋಶದಲ್ಲೂ ಸರಾಸರಿ ಹದಿಮೂರಕ್ಕೂ ಹೆಚ್ಚು ಹಾರಾಟ ನಡೆದಿದೆ ಎಂದು ಬ್ರಿಸ್ಬೇನಿನ ಜೆಫ್ರಿ ಫಾಕ್ನರ್ ಗುಂಪು 2015ರಲ್ಲಿ ಪ್ರಕಟಿಸಿತು. ಬೋಸ್ಟನ್ನಿನ ಕ್ರಿಸ್ಟೊಫರ್ ವಾಲ್ಶ್ ಗುಂಪು ಅದೇ ದತ್ತಾಂಶವನ್ನು ಮರುಪರಿಶೀಲಿಸಿ, ಒಂದು ಕೋಶಕ್ಕೆ ಒಂದೂ ಇಲ್ಲ, ಐದು ಕೋಶಕ್ಕೆ ಒಂದಿದ್ದರೆ ಹೆಚ್ಚು ಎಂದಿತು. ಜಗಳದ ಬೇರು ತಂತ್ರದಲ್ಲಿದೆ. ಒಂದು ಕೋಶದಲ್ಲಿರುವ ಡಿಎನ್‌ಎ ಓದಲಾರದಷ್ಟು ಕಡಿಮೆ. ಅದನ್ನು ಕೊಳವೆಯಲ್ಲಿ ಲಕ್ಷಾಂತರ ಪಟ್ಟು ಹೆಚ್ಚಿಸುವಾಗ ಬೇರೆ ಬೇರೆ ತುಂಡುಗಳು ಆಕಸ್ಮಿಕವಾಗಿ ಅಂಟಿಕೊಳ್ಳುತ್ತವೆ. ಅಂಟಿಕೊಂಡದ್ದು ಹಾರಿದ್ದರಂತೆಯೇ ಕಾಣುತ್ತದೆ. ಎರಡೂ ಕಡೆಯವರು ಪ್ರಾಮಾಣಿಕರೇ. ಎಷ್ಟು ಕಠಿಣ ಜರಡಿ ಹಿಡಿಯಬೇಕು ಎಂಬಲ್ಲಿ ಭಿನ್ನಾಭಿಪ್ರಾಯ.

ಇತ್ಯರ್ಥವಾಗದೆ ಉಳಿದದ್ದು

ಎಂಬತ್ತರ ಸಂಖ್ಯೆ ಬಿದ್ದುಹೋಗಿದೆ. ಎಂಟರಿಂದ ಇಪ್ಪತ್ತೈದರ ನಡುವೆ ಎಲ್ಲಿ ನಿಲ್ಲಬೇಕು ಎನ್ನುವುದು ತೀರ್ಮಾನವಾಗಿಲ್ಲ. ನೀಟ್-1ರಂತೆ ಅಕ್ಷರ ಬದಲಾದರೂ ಕೆಲಸ ಉಳಿಯುವ ತುಂಡುಗಳು ಎಷ್ಟಿವೆ ಎಂದು ಎಣಿಸುವ ದಾರಿ ಯಾರಿಗೂ ಸಿಕ್ಕಿಲ್ಲ. ಪ್ರೋಟೀನು ತಯಾರಿಸದ ಉದ್ದದ ಆರ್‌ಎನ್‌ಎಗಳ ಪಟ್ಟಿಯಲ್ಲಿ ಹತ್ತಾರು ಸಾವಿರ ಹೆಸರುಗಳಿವೆ. ಪ್ರಯೋಗದಿಂದ ಕೆಲಸ ಸಾಬೀತಾದವು ಅದರಲ್ಲಿ ಸಣ್ಣ ಪಾಲು. ಹಲವುಗಳಲ್ಲಿ ಆರ್‌ಎನ್‌ಎಗೆ ಕೆಲಸವಿದೆಯೋ, ಅದು ತಯಾರಾಗುವ ಕ್ರಿಯೆಯೇ ಪಕ್ಕದ ಜೀನನ್ನು ಎಬ್ಬಿಸುತ್ತದೆಯೋ ಎಂದು ಬೇರ್ಪಡಿಸಲಾಗಿಲ್ಲ. ಡಿಎನ್‌ಎಯ ಬರೀ ಗಾತ್ರಕ್ಕೆ ಬೆಲೆಯಿದೆಯೇ ಎಂಬ ಕ್ಯಾವಲಿಯರ್-ಸ್ಮಿತ್ ಪ್ರಶ್ನೆಗೆ ನೇರ ಪ್ರಯೋಗ ನಡೆಸುವುದೇ ಕಷ್ಟ. ಮಿದುಳಿನ ಹಾರಾಟ ಹದಿಮೂರೋ, ಸೊನ್ನೆಯ ಹತ್ತಿರವೋ ಎಂಬ ಜಗಳದ ಜೊತೆಗೇ, ಹಾರಿದರೂ ಅದರಿಂದ ಮಿದುಳಿಗೆ ಏನಾದರೂ ಆಗುತ್ತದೆಯೇ ಎಂಬ ಪ್ರಶ್ನೆ ಬಾಕಿಯಿದೆ.

ಈ ತಕರಾರು ಮುಗಿಯುವವರೆಗೆ ಕಾಯಲಾರದ ಒಂದು ವಿಷಯವುಂಟು. ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ನಮ್ಮ ಊರುಗಳಲ್ಲಿ ಈಗ ಎಕ್ಸೋಮ್ ಪರೀಕ್ಷೆ ಬರೆದುಕೊಡುವುದು ಸಾಮಾನ್ಯವಾಗಿದೆ. ಅದು ಓದುವುದು ಮುಖ್ಯವಾಗಿ ಪ್ರೋಟೀನ್ ಸಂಕೇತದ ಆ ಎರಡು ಪಾಲನ್ನು. ಫ್ರಜೈಲ್ ಎಕ್ಸ್‌ನ ಪುನರಾವರ್ತನೆ ಅದರಲ್ಲಿ ನಂಬುವಂತೆ ಕಾಣಿಸುವುದಿಲ್ಲ. ವರದಿಯಲ್ಲಿ ದೋಷವಿಲ್ಲ ಎಂದು ಬಂದಿದ್ದರೆ, ಫ್ರಜೈಲ್ ಎಕ್ಸ್ ಪರೀಕ್ಷೆ ಪ್ರತ್ಯೇಕವಾಗಿ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ಅಜ್ಜನ ಕೈನಡುಕದ ಸಂಗತಿಯನ್ನೂ ಹೇಳಿ.